ಮುಟ್ಟದೆ ಕಾಯ್ದ ಕಸದ ಯಂತ್ರ

ನಮ್ಮತ್ತೆ ಈಗ ಕೈಲಾಸದಲ್ಲೂ ಯಾರದೋ ಪೆಟ್ಟಿಗೆ ಕಾಯುತ್ತ ಕೂತಿರಬೇಕು. ಬೀದರಿನ ನಮ್ಮ ಓಣಿಯಲ್ಲಿ ಹಜ್‌ಗೆ ಹೊರಟವರು, ಶ್ರೀಶೈಲಕ್ಕೆ ಹೊರಟವರು ಎಲ್ಲರೂ ತಮ್ಮ ಸಾಮಾನು ನಮ್ಮ ಅಟ್ಟದ ಮೇಲಿಟ್ಟು ನಿಶ್ಚಿಂತೆಯಿಂದ ಹೋಗುತ್ತಿದ್ದರು. ಹಾಗೆ ಇಟ್ಟು ಹೋದದ್ದು ಅಮಾನತು. ಅದನ್ನು ಬಳಸುವುದಿರಲಿ, ಬಿಚ್ಚಿ ನೋಡುವುದೂ ನಮ್ಮಲ್ಲಿ ತಪ್ಪು.

ಪಕ್ಕದ ಮನೆಯ ಆಪಾ, ಓಣಿಗೆಲ್ಲ ಅಕ್ಕ, ನಿಜಾಮರ ಕಚೇರಿಯ ಅಧಿಕಾರಿಯೊಬ್ಬರ ಹೆಂಡತಿ. ಅವರಲ್ಲಿ ಕರೆಂಟಿನಿಂದ ಕಸ ಹೀರುವ ವಿಲಾಯತಿ ಯಂತ್ರವೊಂದಿತ್ತು. ಉದ್ದನೆಯ ಕಬ್ಬಿಣದ ಡಬ್ಬಿ, ಕೆಳಗೆ ಎರಡು ಉಕ್ಕಿನ ಪಟ್ಟಿ. ಎಳೆದರೆ ಸಾಕಿದ ಆಡಿನ ಹಾಗೆ ಹಿಂದೆ ಹಿಂದೆ ಬರುತ್ತಿತ್ತು. ನೂಲಿನಿಂದ ನೇಯ್ದ ಸೊಂಡಿಲು. ಒಳಗೆ ಬಟ್ಟೆಯ ಚೀಲ, ತುಂಬಿದರೆ ಜಾಡಿಸಿ ಮತ್ತೆ ಹಾಕಿದರಾಯಿತು. ಎಸೆಯುವಂಥದ್ದು ಅದರಲ್ಲಿ ಏನೂ ಇರಲಿಲ್ಲ. ಹೊಸ ಸೊಸೆಯಾಗಿದ್ದ ನಾನು ಅದನ್ನು ನೋಡುವ ನೆಪದಲ್ಲಿ ಅವರ ಮನೆಗೆ ಓಡುತ್ತಿದ್ದೆ. ಆಪಾ ನನಗೆ ಸೊಂಡಿಲು ಕೊಟ್ಟು ತಾವು ಜಮಖಾನೆ ಹಿಡಿಯುತ್ತಿದ್ದರು. ತವರು ಬಿಟ್ಟು ಬಂದ ಮೇಲೆ ನಾನು ಮನಸಾರೆ ನಕ್ಕದ್ದು ಅಲ್ಲೇ.

ಪೊಲೀಸ್ ಆಕ್ಷನ್ ಆಗಿ ನಿಜಾಮರ ಆಡಳಿತ ಮುಗಿಯಿತು, ಅವರ ಯಜಮಾನರ ನೌಕರಿ ಹೋಯಿತು. ಹೈದರಾಬಾದಿಗೆ ಹೊರಟಾಗ ಆಪಾ ಯಂತ್ರವನ್ನು ನಮ್ಮಲ್ಲಿಟ್ಟರು.

"ವಾರಕ್ಕೊಮ್ಮೆ ನಡಸ್ರಿ ಬಾಯಿ. ಸುಮ್ನ ಇಟ್ರ ಜಡ ಆಗ್ತದ," ಎಂದು ನನಗೇ ಹೇಳಿದರು. ನಾನು ತಲೆಯಾಡಿಸಿದೆ.

ಅವರು ಹೋದ ಮೇಲೆ ಅತ್ತೆ ಗದರಿದರು. "ಅಮಾನತ್ ವಸ್ತು ನಾವು ವಾಪರ್ಸೋದಾ? ಮಂದಿ ಏನಂದಾರು?"

ನಾನೇ ಕೌದಿ ತಂದುಕೊಟ್ಟೆ. ಯಂತ್ರ ಕೌದಿ ಹೊದ್ದು ಅಟ್ಟ ಹತ್ತಿತು. ವರ್ಷಕ್ಕೊಮ್ಮೆ ಖಂಡೇಪೂಜೆಗೆ, ಅಂದರೆ ಆಯುಧಪೂಜೆಗೆ, ಕೆಳಗಿಳಿಸಿ ವಿಭೂತಿ ಹಚ್ಚಿ, ಹೂವಿಟ್ಟು, ಮತ್ತೆ ಮೇಲಿಡುತ್ತಿದ್ದೆವು. ಕಾಯಕದ ಮಾತು ಬಿಟ್ಟರೆ ಬೇರೆ ಮಾತಿಲ್ಲದ ಮನೆ ನಮ್ಮದು. ಯಂತ್ರವನ್ನು ಮಾತ್ರ ದೇವರಾಗಿ ಕೂರಿಸಿದೆವು.

ನಾಲ್ಕು ವರ್ಷದ ಮೇಲೆ ಒಂದು ಮುಂಜಾನೆ ಆಪಾ ಒಬ್ಬರೇ ರೈಲಿನಲ್ಲಿ ಬಂದರು. ಅವರ ಯಜಮಾನರು ಹಾಸಿಗೆ ಹಿಡಿದಿದ್ದರು. ಹೈದರಾಬಾದಿನ ದೊಡ್ಡ ಮನೆಗಳಲ್ಲಿ ಜಮಖಾನೆ ಸ್ವಚ್ಛ ಮಾಡುವ ಕೆಲಸ ಸಿಕ್ಕಿದೆ, ಈ ಯಂತ್ರವಿದ್ದರೆ ಸಂಸಾರ ನಡೆಯುತ್ತದೆ ಎಂದರು. ಅತ್ತೆ ಹಿಗ್ಗಿ ಕೌದಿ ಬಿಚ್ಚಿದರು.

"ನೋಡ್ರಿ, ಕೊಟ್ಟಂಗೇ ಅದ. ಒಂದ ದಿನಾನೂ ಕೈ ಹಚ್ಚಿಲ್ಲ!"

ಆಪಾ ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ. ಆಪಾ ಗುಂಡಿ ಒತ್ತಿದರೆ ಯಂತ್ರ ಗುರ್ ಎಂದಿತು, ತಿರುಗಲಿಲ್ಲ, ಸುಟ್ಟ ವಾಸನೆ ಬಂತು. ಅವರು ಗೋಡೆಯಿಂದ ತಂತಿ ಕಿತ್ತರು.

"ಇರ್ಲಿ ಬಿಡ್ರಿ. ಕೆಟ್ಟದ್ದು ಹೊತ್ಕೊಂಡು ಹ್ಯಾಂಗ ಹೋಗ್ಲಿ?"

ಚಹಾ ಕುಡಿದು ಅದೇ ದಿನದ ಗಾಡಿಗೆ ಹೊರಟರು. "ಒಂದಿನ ಇರ್ರಿ, ಯಾರಿಗಾದ್ರೂ ತೋರಸೋಣು" ಎನ್ನಬಹುದಿತ್ತು. ನಾಚಿಕೆಯಿಂದ ಚಹಾದ ಬಟ್ಟಲು ತೊಳೆಯುತ್ತ ಒಳಗೇ ನಿಂತೆ. ವಿಳಾಸವನ್ನೂ ಕೇಳಲಿಲ್ಲ.

ಎರಡು ದಿನ ಬಿಟ್ಟು ಮನಸ್ಸು ತಡೆಯದೆ ರೇಡಿಯೋ ರಿಪೇರಿಯವನನ್ನು ಕರೆಸಿದೆ. ನಾಲ್ಕು ತಿರುಪು ಬಿಚ್ಚಿದ. ಒಳಗಿನ ಗ್ರೀಸು ಮೇಣದಂತೆ ಗಟ್ಟಿಯಾಗಿತ್ತು. ಸೀಮೆಎಣ್ಣೆಯಲ್ಲಿ ತೊಳೆದು ಎರಡು ಹನಿ ಎಣ್ಣೆ ಬಿಟ್ಟ. ಒಲೆಯ ಮೇಲಿನ ಅನ್ನ ಬೇಯುವಷ್ಟರಲ್ಲಿ ಯಂತ್ರ ಗಿರಗಿರ ತಿರುಗಿತು.

"ಏನೂ ಆಗಿಲ್ರಿ ಅವ್ವಾ. ಬಿಚ್ಚಿ ಸಾಫ್ ಮಾಡ್ಲಿ ಅಂತನೇ ಕಟ್ಯಾರ ಇದಕ್ಕ. ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ನಡೀತದ."

ನನ್ನ ಯಜಮಾನರು ಹೈದರಾಬಾದಿಗೆ ಹೋಗಿ ಮೂರು ದಿನ ಹುಡುಕಿ ಬರಿಗೈಯಲ್ಲಿ ಬಂದರು. ಆಪಾ ಸಿಗಲಿಲ್ಲ, ಮತ್ತೆ ಬರಲೂ ಇಲ್ಲ.

ರಿಪೇರಿಯವನ ಮಾತು ನಿಜವಾಯಿತು. ಚೀಲ ಮೂರು ಸಲ ಹೊಲಿದಿದ್ದೇನೆ, ತಂತಿ ಬದಲಾಯಿಸಿದ್ದೇನೆ. ಉಳಿದದ್ದೆಲ್ಲ ಹಾಗೇ ಇದೆ. ಮೊಮ್ಮಕ್ಕಳು ಇಂಥ ಗಟ್ಟಿ ವಸ್ತು ಈಗ ಸಿಗುವುದಿಲ್ಲ ಎಂದು ಮೆಚ್ಚುತ್ತಾರೆ. ಒಮ್ಮೆಯಾದರೂ ಅದು ನಿಜಕ್ಕೂ ಕೆಟ್ಟು ನಿಂತಿದ್ದರೆ, ಆಪಾರನ್ನು ಬರಿಗೈಯಲ್ಲಿ ಕಳಿಸಿದ ತಪ್ಪನ್ನು ಅದರ ಮೇಲೆ ಹಾಕುತ್ತಿದ್ದೆ.