ಪೆಟ್ಟಿಗೆ ಕ್ರಯ, ಒಳಗಿನದು ಬಾಡಿಗೆ

ಮೊನ್ನೆ ಫೋನಿನಲ್ಲಿ ಗ್ಯಾಸ್ ಬುಕ್ ಮಾಡುವಾಗ 'ಷರತ್ತುಗಳಿಗೆ ಒಪ್ಪಿದ್ದೇನೆ' ಎಂಬ ಚೌಕ ಎದುರಾಯಿತು. ನೀವಾಗಿದ್ದರೆ ಕಣ್ಣು ಮುಚ್ಚಿ ಒತ್ತಿಬಿಡುತ್ತಿದ್ದಿರಿ. ನನ್ನ ಹೆಬ್ಬೆರಳು ಗಾಳಿಯಲ್ಲೇ ನಿಂತಿತು. ವಿಜಯನಗರದ ತಂಗಿಯ ಮನೆಯ ಹಾಲ್ ಕಣ್ಣಿಗೆ ಕಟ್ಟಿತು. ಆ ಭಾನುವಾರ ಅಲ್ಲಿದ್ದವರು ಮೂವರು: ಅವರೆಕಾಯಿ ಸುಲಿಯುತ್ತಿದ್ದ ತಂಗಿ ಸರೋಜ, ಟೀವಿಯ ಮುಂದೆ ಕೂತಿದ್ದ ಅವಳ ಮಗಳು ರಶ್ಮಿ, ಕರೆಯದೆ ಊಟಕ್ಕೆ ಹೋಗಿದ್ದ ನಾನು.

ನನ್ನ ಕಸುಬು ಪತ್ರ ಬರೆಯುವುದು. ಯೋಗಕ್ಷೇಮದ ಪತ್ರವಲ್ಲ, ನೋಂದಣಿ ಕಚೇರಿಯ ಎದುರು ಕೂತು ಕ್ರಯಪತ್ರ, ದಾನಪತ್ರ, ಭೋಗ್ಯಪತ್ರ. ನನ್ನ ಕನ್ನಡ ಶಾಲೆಯದಲ್ಲ, ಅದೇ ಕಸುಬಿನ ಸೋದರಮಾವನದು. 'ನಿಧಿ ನಿಕ್ಷೇಪ ಜಲ ತರು ಪಾಷಾಣ' ಎಂದು ಅವರು ನಶ್ಯ ಏರಿಸಿ ಹೇಳತೊಡಗಿದರೆ ರಾಜಾಜಿನಗರದ ಮೂವತ್ತು ನಲವತ್ತರ ಸೈಟಿಗೂ ಸಂಸ್ಥಾನದ ಕಳೆ ಬರುತ್ತಿತ್ತು. ಅವರು ಕಲಿಸಿದ್ದು ಎರಡು ನಿಯಮ. ಬರೆದದ್ದನ್ನು ಗಟ್ಟಿಯಾಗಿ ಓದಿ ಕೇಳಿಸದೆ ಹೆಬ್ಬೆಟ್ಟು ಒತ್ತಿಸಬಾರದು. ಕೊನೆಯ ಷೆಡ್ಯೂಲಿನಲ್ಲಿ ಸ್ವತ್ತಿನ ವಿವರ, ನಂಬರ್ ಬರೆಯದೆ ಪತ್ರ ಮುಗಿಸಬಾರದು. ನಾನು ಮದುವೆಯ ಕರೆಯೋಲೆಯನ್ನೂ ನಾಲ್ಕು ದಿಕ್ಕಿನ ಚಕ್ಕುಬಂದಿ ಸಮೇತ ಬರೆಯುತ್ತೇನೆಂದು ನನ್ನ ಹೆಂಡತಿಯ ದೂರು.

ರಶ್ಮಿಗೆ ಬ್ಯಾಂಕಿನಲ್ಲಿ ಕೆಲಸ. ಸ್ಕೂಟರ್ ಅಪಘಾತವಾದ ಮೇಲೆ ಎಡಗೈ ಸ್ವಾಧೀನ ತಪ್ಪಿತ್ತು. ಮನೆಗೆ ಬಂದವರೆಲ್ಲ ಮೊದಲು ನೋಡುತ್ತಿದ್ದುದು ಆ ಕೈಯನ್ನು, ಆಮೇಲೆ ಮುಖವನ್ನು. ಟೀವಿಗೆ ಜೋಡಿಸಿದ ಗೇಮ್ ಪೆಟ್ಟಿಗೆಯಲ್ಲಿ ಮಾತ್ರ ಅವಳು ನಾಲ್ವರು ಹುಡುಗಿಯರ ಕಾರ್ ರೇಸ್ ತಂಡಕ್ಕೆ ಕ್ಯಾಪ್ಟನ್. ಅಲ್ಲಿ ದನಿ ಕೇಳುತ್ತದೆ, ಕೈ ಕಾಣುವುದಿಲ್ಲ. ಆದರೆ ಆ ಆಟಕ್ಕೂ ಎರಡು ಕೈ ಬೇಕು. ನಾಯಂಡಹಳ್ಳಿಯ ರಿಪೇರಿಯವರೊಬ್ಬರು ಕಂಟ್ರೋಲರ್ ಬಿಚ್ಚಿ, ಗುಂಡಿಗಳನ್ನು ಹಲಗೆಯ ಮೇಲೆ ಕೂರಿಸಿ, ಎಡಗೈಯ ಕೆಲಸವನ್ನು ಹೊಲಿಗೆ ಯಂತ್ರದ ಪೆಡಲಿಗೆ ಒಪ್ಪಿಸಿದ್ದರು. ಇಂಥ ಕಂಟ್ರೋಲರನ್ನು ಪೆಟ್ಟಿಗೆ ಒಪ್ಪದ ಕಾರಣ ಪೆಟ್ಟಿಗೆಯೊಳಗೂ ಒಂದು ಚಿಪ್ ಬೆಸೆದಿದ್ದರು.

ಆ ದಿನ ಟೀವಿಯ ಮೇಲೆ ಕಂಪನಿಯ ಹೊಸ ಷರತ್ತುಗಳು ಬಂದಿದ್ದವು. ಒಪ್ಪಲು ಹತ್ತು ದಿನ ಗಡುವು. ಒಪ್ಪದಿದ್ದರೆ ನೆಟ್‌ವರ್ಕ್ ಬಂದ್. ರಶ್ಮಿ ಒತ್ತಲು ಹೊರಟಳು. ನಾನು ತಡೆದು, ಕನ್ನಡಕ ಏರಿಸಿ, ಒಂದೊಂದೇ ಕಲಮನ್ನು ಕನ್ನಡ ಮಾಡಿ ಓದತೊಡಗಿದೆ. ನಾಲ್ಕಕ್ಕೆ ಪಂದ್ಯ. ಹೆಡ್‌ಸೆಟ್ಟಿನಿಂದ 'ಕ್ಯಾಪ್ಟನ್, ಎಲ್ಲಿದೀಯಾ' ಎಂಬ ದನಿ ಸಣ್ಣಗೆ ಕೇಳುತ್ತಲೇ ಇತ್ತು. ಅವಳು ಗಡಿಯಾರ ನೋಡಿದಷ್ಟೂ ನನ್ನ ಓದು ನಿಧಾನವಾಯಿತು. ಹನ್ನೊಂದನೆಯ ಕಲಮಿನಲ್ಲಿ ಸಿಕ್ಕಿತು: ಯಂತ್ರ ಗ್ರಾಹಕರದು, ಒಳಗಿನ ತಂತ್ರಾಂಶವನ್ನು ಬಳಸಲು ಅನುಮತಿ ಮಾತ್ರ, ಎರಡರಲ್ಲೂ ಯಾವ ಮಾರ್ಪಾಡೂ ಮಾಡಿಲ್ಲವೆಂದು ಗ್ರಾಹಕರು ಘೋಷಿಸತಕ್ಕದ್ದು.

"ಪೆಟ್ಟಿಗೆ ಕ್ರಯ, ಒಳಗಿಂದು ಬಾಡಿಗೆ," ಎಂದೆ. "ನೀನು ಒತ್ತಿದ್ರೆ ಸುಳ್ಳು ಘೋಷಣೆ ಆಗುತ್ತೆ ಕಣಮ್ಮ."

"ಎಲ್ರೂ ಒತ್ತೋದೇ ಮಾಮ. ಇದನ್ನ ಓದಿರೋರು ಪ್ರಪಂಚದಲ್ಲಿ ನೀವೊಬ್ರೇ."

ಮನೆ ಕೊಂಡವನು ಮೆಟ್ಟಿಲು ಒಡೆದು ಇಳಿಜಾರು ಕಟ್ಟಿಸಿಕೊಂಡರೆ ಮಾರಿದವನು ಬಂದು ಕೇಳುತ್ತಾನೆಯೇ ಎಂದು ವಾದಿಸಿದೆ. ಕೊಂಡವರಿಗೆ ಆ ಹಕ್ಕು ಇರಲೇಬೇಕು, ಬರೆದು ಕೇಳೋಣ, ಕೈಯ ವಿಷಯ ತಿಳಿಸಿದರೆ ಯಾರು ಇಲ್ಲವೆನ್ನುತ್ತಾರೆ ಎಂದೆ. ರಶ್ಮಿಯ ಮುಖ ಬಿಗಿಯಿತು. ಸರೋಜಳ ಕೈಯಲ್ಲಿ ಅವರೆಕಾಯಿ ಹಾಗೇ ನಿಂತಿತು.

"ಬರೀರಿ, ಬೇಡ ಅನ್ನಲ್ಲ. ಕೈ ವಿಷಯ ಮಾತ್ರ ಒಂದಕ್ಷರ ಬೇಡ. ಅಲ್ಲೂ ನಾನು ಬರೀ ಕೈ ಆಗಿಬಿಡ್ತೀನಿ."

ಗಡುವಿನವರೆಗೆ ಒತ್ತದೆ ಕಾಯುವುದಾಗಿ ಅವಳು ಒಪ್ಪಿದಳು. ನಾನೂ ಮಾತು ಉಳಿಸಿಕೊಂಡೆ. ಏನನ್ನು ಬಿಚ್ಚಿದೆವು, ಏನನ್ನು ಬೆಸೆದೆವು ಎಂದು ಮುಚ್ಚುಮರೆಯಿಲ್ಲದೆ ಬರೆದೆ. ಕೈಯ ಸುದ್ದಿ ಎತ್ತಲಿಲ್ಲ. ಕೊನೆಗೆ ಬೆರಳು ತಾನಾಗಿ 'ಷೆಡ್ಯೂಲ್' ಎಂದು ಬರೆದು, ಪೆಟ್ಟಿಗೆಯ ಬೆನ್ನ ಮೇಲಿದ್ದ ನಂಬರನ್ನು ಒಂದಂಕಿ ತಪ್ಪದೆ ಇಳಿಸಿತು. ಮೇಲ್ ಹೋಯಿತು.

ಎಂಟನೆಯ ದಿನದ ಸಂಜೆ ಉತ್ತರ ಬಂತೇ ಎಂದು ವಿಚಾರಿಸಲು ಹೋಗಿದ್ದೆ. ಪಂದ್ಯದ ಕೊನೆಯ ಸುತ್ತು, ರಶ್ಮಿ ಎರಡನೆಯವಳಾಗಿದ್ದಳು. ಮುಂದಿನ ಕಾರನ್ನು ಹಿಂದೆ ಹಾಕುವಷ್ಟರಲ್ಲಿ ಟೀವಿ ಕಪ್ಪಾಯಿತು. ಅನುಮತಿಯಿಲ್ಲದ ಮಾರ್ಪಾಡಿನ ಕಾರಣ ಈ ಯಂತ್ರವನ್ನು ನೆಟ್‌ವರ್ಕಿನಿಂದ ಶಾಶ್ವತವಾಗಿ ಹೊರಗಿಡಲಾಗಿದೆ ಎಂಬ ಬಿಳಿ ಸಾಲು ಮೂಡಿತು. ಅವಳ ಪಾದ ಪೆಡಲನ್ನು ಒತ್ತಿಕೊಂಡೇ ಇತ್ತು. ಅವರಿಗೆ ನಮ್ಮ ಪೆಟ್ಟಿಗೆಯೇ ಎಂದು ಹೇಗೆ ಗೊತ್ತಾಯಿತು ಎಂದು ಕೇಳಿದಳು. ನಾನು ಪತ್ರದ ಪ್ರತಿ ತೆಗೆದು ಕೊಟ್ಟೆ. ಓದುತ್ತ ಓದುತ್ತ ಕೊನೆಯ ಸಾಲಿನಲ್ಲಿ ನಿಂತಳು.

"ನಂಬರ್ ಯಾಕೆ ಹಾಕಿದ್ರಿ ಮಾಮ?"

"ಮೂವತ್ತು ವರ್ಷದ ಅಭ್ಯಾಸ ಕಣಮ್ಮ," ಎಂದೆ.

ಮತ್ತೆರಡು ಸಲ ಬರೆದೆ. ಅದೇ ಒಂದು ಸಾಲಿನ ಉತ್ತರ. ಪರಿಚಯದ ವಕೀಲರು ಕತ್ತು ಕೆರೆದುಕೊಂಡು, ಪೆಟ್ಟಿಗೆ ಬಿಚ್ಚಿದ್ದು ನಿಮ್ಮ ಹಕ್ಕು ಎಂದು ವಾದಿಸಬಹುದು, ಆದರೆ ನೆಟ್‌ವರ್ಕ್ ಅವರ ಮನೆ, ಬಾಗಿಲು ತೆಗೆಯುವುದು ಅವರಿಷ್ಟ ಎಂದರು. ರಶ್ಮಿ ನನ್ನೊಂದಿಗೆ 'ಊಟಕ್ಕೆ ಬನ್ನಿ' ಎಂಬಷ್ಟೇ ಮಾತಾಡುತ್ತಿದ್ದಳು. ಹಲಗೆಯನ್ನು ಬೀರುವಿನ ಮೇಲೆ ಇಟ್ಟಿದ್ದಳು.

ತಿಂಗಳಾದ ಮೇಲೆ ಒಂದು ಭಾನುವಾರ ಆ ಹಲಗೆ ಕೆಳಗಿಳಿದಿತ್ತು. ನೆಟ್‌ವರ್ಕ್ ಇಲ್ಲದೆಯೂ ಇಬ್ಬರು ಪಕ್ಕಪಕ್ಕ ಕೂತು ಆಡಬಹುದಂತೆ. ರಶ್ಮಿಯೇ ಫೋನ್ ಮಾಡಿ, ತಂಡದ ನಂದಿನಿಗೆ ಮನೆಯ ವಿಳಾಸ ಕೊಟ್ಟಿದ್ದಳು. ಕೈಯ ವಿಷಯ ಮಾತ್ರ ಹೇಳಿರಲಿಲ್ಲ. ಸುಂಕದಕಟ್ಟೆಯಿಂದ ಬಂದ ನಂದಿನಿ ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟಳು, ಕೈಯನ್ನು ನೋಡಿದಳು. ಅವಳು ಹಲಗೆಯನ್ನೂ ನೋಡಿ, ನೆಲದ ಮೇಲೆ ಕೂತಳು.

"ಇದ್ರಲ್ಲಿ ಬ್ರೇಕ್ ಯಾವ್ದು ಕ್ಯಾಪ್ಟನ್? ಮೊದ್ಲು ನಾನು ಓಡಿಸ್ತೀನಿ."

ರಶ್ಮಿ ಪೆಡಲನ್ನು ಅವಳ ಕಾಲಿನತ್ತ ಸರಿಸಿದಳು. ಮೊದಲ ತಿರುವಿನಲ್ಲೇ ನಂದಿನಿಯ ಕಾರು ಗೋಡೆಗೆ ಹೊಡೆಯಿತು.