ಬ್ಯಾಗೆಟ್ ವಜ್ರದ ಮುಕ್ಕಾದ ಮೂಲೆ

ಅರಗು ಕಾಯುವ ವಾಸನೆ ನಿಮಗೆ ಗೊತ್ತೋ ಇಲ್ಲವೋ. ಹರಳು ಕೂರಿಸುವಾಗ ಉಂಗುರ ಅಲುಗದಿರಲೆಂದು ಕೋಲಿನ ತುದಿಯ ಬಿಸಿ ಅರಗಿನಲ್ಲಿ ಅದನ್ನು ಹುಗಿಯುತ್ತೇವೆ. ಹೊನ್ನಾವರದ ನಮ್ಮ ಅಂಗಡಿಯಲ್ಲಿ ಆ ವಾಸನೆ ಕುಡಿದೇ ನಾನು ಮುದುಕನಾದದ್ದು. ಕೈ ನಡುಗತೊಡಗಿದ ಮೇಲೆ ಮಗ ಹತಾರ ಕಸಿದುಕೊಂಡ. ಈಗ ನನ್ನ ಉದ್ಯೋಗ ಗಿರಾಕಿಗಳಿಗೆ ಕುರ್ಚಿ ತೋರಿಸುವುದು, ಮಗನ ಕೆಲಸದಲ್ಲಿ ತಪ್ಪು ಹುಡುಕುವುದು.

ಕಳೆದ ಸೋಮವಾರ ಅದೇ ವಾಸನೆಯ ನಡುವೆ ಮಗ ಒಂದು ಉಂಗುರವನ್ನು ಭೂತಗನ್ನಡಿಯಲ್ಲಿ ಓರೆಯಾಗಿ ನೋಡಿ ಕೇಳಿದ, "ಅಪ್ಪಾ, ಈ ಹರಳಿನ ಮೂಲೆ ಬರುವಾಗ್ಲೇ ಒಡದಿತ್ತಾ?"

ಎದುರಿಗೆ ಭಟ್ಕಳದ ಜುಬೇದಾಬಾಯಿ. ಹರಳು ಅಲುಗುತ್ತಿದೆ ಎಂದು ಉಂಗುರ ತಂದಿದ್ದರು. ಮೂವತ್ತು ವರ್ಷಗಳ ಹಿಂದೆ ಅದನ್ನು ಕಟ್ಟಿದವನು ನಾನೇ.

ಅದರಲ್ಲಿರುವುದು ಬ್ಯಾಗೆಟ್ ವಜ್ರ. ಉದ್ದನೆಯ ಹರಳು, ಅಂಚುಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಕೊಯ್ದಿರುತ್ತಾರೆ. ದುಂಡು ವಜ್ರದ ಹಾಗೆ ಕಿಡಿ ಹಾರಿಸುವುದಿಲ್ಲ. ಆದ್ದರಿಂದ ಕುಮಟೆಯಿಂದ ಭಟ್ಕಳದವರೆಗೆ ನಮ್ಮ ಕಸುಬಿನವರು ಅದನ್ನು ಪಕ್ಕದ ಹರಳು ಎನ್ನುತ್ತಾರೆ. ನಡುವೆ ದುಂಡನ್ನು ಕೂರಿಸಿ ಎಡಬಲಕ್ಕೆ ಇದನ್ನು ಕಾವಲು ನಿಲ್ಲಿಸುತ್ತಾರೆ; ಬಳೆಯಲ್ಲಾದರೆ ಸಂದಿಲ್ಲದ ಸಾಲು. ಸಾಲು ಚೆಂದವೇ. ಆದರೆ ಪಕ್ಕದ ಹರಳು ಎಂಬ ಮಾತನ್ನು ನಾನು ಒಪ್ಪುವುದಿಲ್ಲ, ಯಾರು ಬೇಕಾದರೂ ಬರಲಿ. ಬೇಸಿಗೆಯ ಮಧ್ಯಾಹ್ನ ಬಾವಿಗೆ ಬಗ್ಗಿ ನೋಡಿದರೆ ತಳದ ಕಲ್ಲೂ ಕಾಣುತ್ತದಲ್ಲ, ಹಾಗೆ ಇದರ ಒಡಲು. ದುಂಡು ವಜ್ರ ತನ್ನ ಕಲೆಯನ್ನು ಹೊಳಪಿನಲ್ಲಿ ಅಡಗಿಸಿಕೊಂಡೀತು. ಇದಕ್ಕೆ ಅಡಗಿಸಲು ಬಾರದು. ಅದಕ್ಕೆ ನನ್ನಂಥವನು ಬೇಕಾಯಿತು.

ಜುಬೇದಾಬಾಯಿಯ ಗಂಡ ಇಸ್ಮಾಯಿಲ್ ಮದುವೆಯಾದ ಹೊಸತರಲ್ಲಿ ದುಬೈಯಿಂದ ಆ ಹರಳು ತಂದಿದ್ದರು. "ದುಂಡು ಎಲ್ಲರ ಕೈಯಲ್ಲೂ ಇದೆ ಶೇಟ್ರೆ. ಇದೊಂದೇ ಸಾಕು, ನಡುವೆ ಕೂರಿಸಿ," ಎಂದರು. ನಾನು ಬ್ಯಾಗೆಟ್ ಮುಟ್ಟಿದ್ದು ಅದೇ ಮೊದಲು. ಗೊತ್ತಿಲ್ಲ ಎನ್ನಲು ನಾಚಿಕೆ. ಚೌಕದ ಕೆಂಪುಹರಳಿಗೆ ಮೊದಲು ಮೂಲೆಗಳ ಮೇಲೆ ಬಂಗಾರ ಒತ್ತುವುದನ್ನು ಅಪ್ಪ ಕಲಿಸಿದ್ದ; ಹಾಗೇ ಒತ್ತಿದೆ. ಬ್ಯಾಗೆಟ್ಟನ್ನು ಎರಡು ಉದ್ದ ಬದಿಗಳಲ್ಲಿ ಹಿಡಿದು ಮೂಲೆಗಳನ್ನು ಬಿಟ್ಟುಬಿಡಬೇಕು ಎಂದು ತಿಳಿದದ್ದು ಆಮೇಲೆ. ಟಿಕ್ ಎಂದಿತು. ಅರ್ಧ ಸಾಸಿವೆಯಷ್ಟು ಮುಕ್ಕು. ಮೇಲೆ ಬಂಗಾರ ಎಳೆದು ಮುಚ್ಚಿದೆ.

ಅಷ್ಟಕ್ಕೇ ನಿಂತಿದ್ದರೆ ಅಂಜುಬುರುಕತನ ಎನ್ನಬಹುದಿತ್ತು. ಉಂಗುರ ಒಯ್ಯಲು ಇಸ್ಮಾಯಿಲರ ಜೊತೆ ಬಂದಿದ್ದ ಜುಬೇದಾಬಾಯಿಯ ಅಣ್ಣ, "ಇಲ್ಲಿ ಎಂತಕ್ಕೆ ಇಷ್ಟು ಬಂಗಾರ?" ಎಂದ. ನಾನು ಕಣ್ಣು ಮಿಟುಕಿಸದೆ ಹೇಳಿದೆ: "ಕಲ್ಲು ಬರುವಾಗ್ಲೇ ಮುಕ್ಕು. ನಿಮ್ಮ ಭಾವನಿಗೆ ಯಾರೋ ಟೋಪಿ ಹಾಕಿದ್ದಾರೆ."

"ನಾನು ನೋಡಿಯೇ ತಂದದ್ದು," ಎಂದರು ಇಸ್ಮಾಯಿಲ್, ಮೆಲ್ಲಗೆ, ಒಂದೇ ಸಲ.

ಆ ಅಣ್ಣ ಪ್ರತಿ ಮದುವೆಯ ಊಟದಲ್ಲೂ ಅದನ್ನು ಹೇಳಿ ನಗಿಸಿದನಂತೆ. ಇಸ್ಮಾಯಿಲ್ ಆಮೇಲೆ ಅತ್ತರು ತಂದರು, ಕಂಬಳಿ ತಂದರು, ಟಾರ್ಚು ತಂದರು. ಹೆಂಡತಿಗೆ ಇನ್ನೊಂದು ಹರಳು ತರಲಿಲ್ಲ. ಇದನ್ನೆಲ್ಲ ಜುಬೇದಾಬಾಯಿಯೇ ನನಗೆ ಹೇಳಿದ್ದು. ಕೇಳಿ ನಾನೂ ನಕ್ಕಿದ್ದೆ.

ಈಗ ಮಗ ಕಣ್ಣಲ್ಲೇ ಸನ್ನೆ ಮಾಡುತ್ತಿದ್ದ, ಹೌದು ಅನ್ನು ಎಂದು.

"ಇಲ್ಲ," ಎಂದೆ. "ನಾನು ಒಡೆದದ್ದು."

"ಅಪ್ಪಾ, ಅಂಗಡಿ ಹೆಸರು..."

"ಇಸ್ಮಾಯಿಲರ ಹೆಸರು ಕೆಡಿಸಿ ಉಳಿಸಿದ ಹೆಸರು. ಹೋದ್ರೆ ಹೋಗ್ಲಿ."

ಜುಬೇದಾಬಾಯಿ ನನ್ನ ಕಡೆ ತಿರುಗಿದರು. "ಇಷ್ಟು ವರ್ಷ ಎಂತ ಮಾಡ್ತಿದ್ರಿ ಶೇಟ್ರೆ?"

"ಹೆದರ್ತಿದ್ದೆ."

"ಹೊಸ ಕಲ್ಲು ಕೂರಿಸಿ ಕೊಡ್ತೇವೆ," ಎಂದ ಮಗ.

"ಬೇಡ," ಎಂದರು ಜುಬೇದಾಬಾಯಿ. "ಆ ಬಂಗಾರ ತೆಗಿ. ಮುಕ್ಕು ಕಾಣ್ಲಿ. ನಮ್ಮವರು ಹೊರಗೆ ಕಾರಲ್ಲಿದ್ದಾರೆ, ಮೊಣಕಾಲು ನೋವು. ಕಾರು ಓಡಿಸಿಕೊಂಡು ಬಂದದ್ದು ನನ್ನ ಅಣ್ಣನೇ. ನೀವೇ ಹೋಗಿ ಹೇಳಿ ಶೇಟ್ರೆ."

ಮಗ ಬಂಗಾರ ಬಿಡಿಸಿ ಎರಡು ಬದಿಯಲ್ಲಿ ಹಿಡಿತ ಕೊಟ್ಟ. ಮೊದಲ ಬಾರಿಗೆ ಆ ಹರಳು ಕೂರಬೇಕಾದ ಹಾಗೆ ಕೂತಿತು. ಅದನ್ನು ಹಿಡಿದು ಬಜಾರಿಗೆ ಇಳಿದೆ, ಕಾರಿನ ಕಿಟಕಿಗೆ ಬಗ್ಗಿ ಎಲ್ಲ ಹೇಳಿದೆ.

ಇಸ್ಮಾಯಿಲ್ ಉಂಗುರವನ್ನು ಬಿಸಿಲಿಗೆ ಹಿಡಿದು ತಿರುಗಿಸಿದರು. "ಹಾಗಾದ್ರೆ ಕಲ್ಲು ಒಳ್ಳೇದೇ ಇತ್ತಾ?"

"ಚೊಕ್ಕ ಕಲ್ಲು. ಕೆಟ್ಟದ್ದು ನನ್ನ ಕೈ, ನನ್ನ ಬಾಯಿ."

"ಸ್ವಲ್ಪ ಜೋರಾಗಿ ಹೇಳಿ. ನಮ್ಮ ಭಾವನಿಗೆ ಕಿವಿ ಮಂದ."

ಸ್ಟೇರಿಂಗ್ ಹಿಡಿದವನು ರಸ್ತೆಯನ್ನೇ ನೋಡುತ್ತಿದ್ದ. ನಾನು ಜೋರಾಗಿ ಹೇಳಿದೆ. ಹೂವಿನವಳು ತಿರುಗಿದಳು, ಪಕ್ಕದ ಅಂಗಡಿಯವರು ಹೊರಗೆ ಬಂದರು. ಅವರಿಗಾಗಿ ಇನ್ನೊಮ್ಮೆ ಹೇಳಿದೆ. ಕ್ಷಮಿಸಿದೆ ಎಂದು ಇಸ್ಮಾಯಿಲ್ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಇವತ್ತೂ ಅರಗು ಕಾಯುತ್ತಿದೆ. ಮಗ ಮಾತು ಬಿಟ್ಟು ನಾಲ್ಕು ದಿನವಾಯಿತು. ಬೆಳಿಗ್ಗೆ ಬಂದ ಒಬ್ಬರು, "ಬ್ಯಾಗೆಟ್ ಒಡೆದ ಶೇಟ್ರ ಅಂಗಡಿ ಇದೇ ಅಲ್ದಾ?" ಎಂದರು.

"ಇದೇ," ಎಂದು ಕುರ್ಚಿ ತೋರಿಸಿದೆ.