ಎರಡನೆಯ ಫೋನ್ ಯಾರದು?

ಕೊರೊನಾ ಹಾವಳಿ ತಗ್ಗಿದ ಮರುವರ್ಷ. ನಾನಾಗ ಕಲಬುರಗಿಯ ಜಗತ್ ವೃತ್ತದ ಬಳಿ ಒಂದು ಲ್ಯಾಪ್‌ಟಾಪ್ ರಿಪೇರಿ ಕೇಂದ್ರದಲ್ಲಿ ಹಿರಿಯ ತಂತ್ರಜ್ಞೆ. ಒಂದು ಮಧ್ಯಾಹ್ನ ಅಂಬಿಕಾ ಎಂಬ ಹುಡುಗಿ ಬಂದಳು. ಊರು ಕಮಲಾಪುರ. ನಗರದ ಖೂಬಾ ಪ್ಲಾಟ್ ಬಡಾವಣೆಯಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದು ಬಿ.ಎಸ್ಸಿ. ಓದುತ್ತಿದ್ದಳು. ಲ್ಯಾಪ್‌ಟಾಪಿನ ಕ್ಯಾಮೆರಾದ ಮೇಲೆ ಹಣೆಗೆ ಹಚ್ಚುವ ಟಿಕಳಿ ಅಂಟಿಸಿದ್ದಳು.

"ಕ್ಯಾಮೆರಾದ ಲೈಟ್ ತಾನ ಹತ್ತತದ ರೀ ಮೇಡಂ. ಯಾರೋ ನೋಡಾಕತ್ತಾರ ಅನಸ್ತದ. ಕೋಣ್ಯಾಗ ಕೂಡಾಕ ಅಂಜಿಕಿ ಬರ್ತದ."

ವೈರಸ್ ಇರಬಹುದೆಂದು ತೆರೆದೆ. ಇದ್ದದ್ದು ಮಾನಿಟರಿಂಗ್ ಸಾಫ್ಟ್‌ವೇರ್. ದೂರದಲ್ಲಿ ಕುಳಿತವರು ತಮ್ಮ ಫೋನಿನಲ್ಲೇ ಲ್ಯಾಪ್‌ಟಾಪಿನ ಪರದೆಯನ್ನೂ, ಬೇಕೆಂದಾಗ ಕ್ಯಾಮೆರಾದ ದೃಶ್ಯವನ್ನೂ ನೋಡಬಹುದು. ಖಾತೆ ಅವಳ ತಂದೆಯ ಹೆಸರಿನಲ್ಲಿತ್ತು. ಕಂಡದ್ದನ್ನು ಆಗಲೇ ಅವಳಿಗೆ ಹೇಳದೆ, ಇಂಟರ್‌ನೆಟ್ ಕಡಿದು, ಲ್ಯಾಪ್‌ಟಾಪ್ ಇಲ್ಲೇ ಬಿಟ್ಟು ತಂದೆಯನ್ನು ಕರೆಸು ಎಂದೆ.

ಮರುದಿನ ಶರಣಪ್ಪ ಬಂದರು. ಕಮಲಾಪುರದಲ್ಲಿ ಬಟ್ಟೆ ಅಂಗಡಿ ಇಟ್ಟವರು. ಮಗಳು ಹೊರಗಿನ ಬೆಂಚಿನ ಮೇಲೆ ಕುಳಿತಳು. ಅವರು ಏನನ್ನೂ ಮುಚ್ಚಿಡಲಿಲ್ಲ. ಹುಡುಗಿ ಊರು ಬಿಟ್ಟಿದ್ದಾಳೆ, ಕಾಲ ಕೆಟ್ಟಿದೆ, ಅದಕ್ಕೇ ಹೇಳದೆ ಹಾಕಿಸಿದೆ ಎಂದರು. ಅವಳು ಲೈಟಿನ ಮಾತೆತ್ತಿದಾಗಲೆಲ್ಲ, ನೋಡಿದ್ದು ತಾನೇ ಎಂದುಕೊಂಡು, ಏನೂ ಇಲ್ಲ ಬಿಡು ಎಂದಿದ್ದರಂತೆ.

ಅವರ ಫೋನಿನಲ್ಲೇ ಆ ಖಾತೆ ತೆರೆಸಿದೆ. ಅದು ಎರಡು ಫೋನುಗಳಲ್ಲಿ ತೆರೆದಿತ್ತು.

"ಇದು ನಿಮ್ಮದು. ಎರಡನೇದು ಯಾರದು ರೀ?"

"ನನ್ನ ಹತ್ರ ಇದೊಂದ ಫೋನ್ ರೀ. ಪಾಸ್‌ವರ್ಡ್ ಹಾಕಿದಾವ ಅವನ."

'ಅವನು' ಎಂದರೆ ಈ ಸಾಫ್ಟ್‌ವೇರ್ ಹಾಕಿಕೊಟ್ಟವನು, ಶರಣಪ್ಪನವರ ಅಂಗಡಿಯ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದವನು. ಮನೆಗೂ ಬಂದು ಹೋಗುವಷ್ಟು ಸಲಿಗೆಯವನು. ಅವನ ಫೋನಿನಿಂದ ತಿಂಗಳುಗಟ್ಟಲೆ ಆಗಾಗ ಕ್ಯಾಮೆರಾ ತೆರೆದದ್ದು ಖಾತೆಯ ದಾಖಲೆಯಲ್ಲಿತ್ತು. ಪೊಲೀಸರಿಗೆ ಸಾಕ್ಷ್ಯ ಬೇಕಾದ್ದರಿಂದ ನಾನು ಏನನ್ನೂ ಅಳಿಸಲಿಲ್ಲ.

ಮಗಳಿಗೆ ನೀವೇ ಹೇಳಿ ಎಂದು ಶರಣಪ್ಪ ನನ್ನನ್ನು ಬೇಡಿಕೊಂಡರು. ಆಗದು ಎಂದೆ. ಕೊನೆಗೆ ಒಳಗೆ ಕರೆದು ಅವರೇ ಎಲ್ಲ ಹೇಳಿದರು. ಆ ಮನುಷ್ಯನ ಬಗ್ಗೆ ಅಂಬಿಕಾ ಒಂದು ಮಾತೂ ಕೇಳಲಿಲ್ಲ.

"ಅಪ್ಪಾ, ನೀ ಸುದ್ದಾ ನೋಡಾಕತ್ತಿದ್ದೇನು?"

ಶರಣಪ್ಪ ತಮ್ಮ ಫೋನನ್ನು ಮಗಳ ಮುಂದಿಟ್ಟರು.

ಅದೇ ಸಂಜೆ ಪೊಲೀಸರಿಗೆ ದೂರು ಕೊಟ್ಟರು. ಅವನ ಫೋನಿನಲ್ಲಿ ಅವಳು ಓದುತ್ತಿರುವ, ಮಲಗಿರುವ ಚಿತ್ರಗಳು ಸಿಕ್ಕವು. ಬೇರೆಯವರಿಗೆ ಕಳಿಸಿದ ಗುರುತಿಲ್ಲ ಎಂದರು ಪೊಲೀಸರು. ಪೂರ್ತಿ ನಂಬುವ ಧೈರ್ಯ ಮನೆಯವರಿಗೂ ಇರಲಿಲ್ಲ, ನನಗೂ ಇರಲಿಲ್ಲ.

ಇಂಥ ಸಾಫ್ಟ್‌ವೇರ್ ಕೇಳಿಕೊಂಡು ತಂದೆ ತಾಯಿ ಇಂದಿಗೂ ಬರುತ್ತಾರೆ. ಅವರ ಅಂಜಿಕೆ ಸುಳ್ಳಲ್ಲ. ಆದರೆ ಮಗು ಅರಿಯದಂತೆ ತೆರೆದ ಕಿಂಡಿಯಲ್ಲಿ ಮತ್ಯಾರು ಇಣುಕುತ್ತಿದ್ದಾರೆ ಎಂಬುದು ತೆರೆದವರಿಗೂ ತಿಳಿಯುವುದಿಲ್ಲ. ವೃತ್ತಿ ನನಗೆ ಕಲಿಸಿದ್ದು ಇದು. ಮಗುವಿಗೆ ಗೊತ್ತಿದೆಯೇ ಎಂದು ಕೇಳುತ್ತೇನೆ. ಇಲ್ಲವೆಂದರೆ ಜೊತೆಗೆ ಕರೆತನ್ನಿ ಎನ್ನುತ್ತೇನೆ. ಹೆಚ್ಚಿನವರು ಮತ್ತೆ ಬರುವುದಿಲ್ಲ. ಹಾಕಿಸಿಕೊಳ್ಳಲು ಯಾರ ಬಳಿ ಹೋದರೋ ಎಂದು ಅಂಜುತ್ತ ಕೂರುತ್ತೇನೆ.